ಬತ್ತಿದ ಹೊಳೆಯ ಕಾವಲು

ನದಿ ಎಂಬ ಶಬ್ದವನ್ನು ಕೇಳಿದೊಡನೆ, ಪಠ್ಯಪುಸ್ತಕಗಳನ್ನೋದಿ ಬೆಳೆದ ನಮ್ಮ ಕಣ್ಣಿಗೆ ಎರಡು ದಡವನ್ನೂ ತುಂಬಿ ಹರಿಯುವ ಗಂಗೆಯೋ ಕಾವೇರಿಯೋ ಕಟ್ಟುತ್ತದೆ. ಚಿತ್ರದುರ್ಗದ ಸೀಮೆಯವರಾದ ನಮ್ಮ ಪಾಲಿಗೆ ಬಂದಿರುವ ನದಿ ಅಂಥದಲ್ಲ. ವೇದಾವತಿ ವರ್ಷದ ಬಹುಕಾಲ ನೀರಿಲ್ಲದೆ ಬಿದ್ದಿರುವ ಒಂದು ಮರಳಿನ ಹಾಸು. ಮಳೆಗಾಲದಲ್ಲಿ ಕೆಲವು ದಿನ ಕೆಂಪಗೆ ಹರಿದು, ಮತ್ತೆ ಮರಳಿನೊಳಗೆ ಮುಖ ಮುಚ್ಚಿಕೊಳ್ಳುವುದು ಅದರ ಸ್ವಭಾವ. ಪರಸ್ಥಳದವರು ಬಂದು ನೋಡಿ, “ಇದೇನು ನಿಮ್ಮ ನದಿ?” ಎಂದು ನಕ್ಕರೆ ನಾವು ಉತ್ತರ ಹೇಳಲು ತಡವರಿಸುತ್ತೇವೆ. ಆ ತಡವರಿಕೆಯಲ್ಲಿಯೇ ಈ ಹೊಳೆಯ ಕಷ್ಟದ ಮೂಲವಿದೆ ಎಂದು ನನ್ನ ಎಣಿಕೆ. ತುಂಬಿದ ನದಿಯನ್ನು ಕಾಪಾಡಬೇಕೆಂದರೆ ಯಾರೂ ಇಲ್ಲವೆನ್ನುವುದಿಲ್ಲ. ಬತ್ತಿದ ನದಿಯಲ್ಲಿ ಕಾಪಾಡುವುದಕ್ಕೆ ಏನಿದೆ ಎಂಬುದೇ ಜನರಿಗೆ ತಿಳಿಯದು. ಏನಿದೆಯೆಂಬುದನ್ನೂ, ಅದರ ಕಾವಲಿಗೆ ಊರವರೇ ಏಕೆ ನಿಲ್ಲಬೇಕೆಂಬುದನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಹೊಳೆಯ ಹಾದಿಯನ್ನು ನೆನೆಯೋಣ. ಬಾಬಾಬುಡನ್‌ಗಿರಿಯ ಸಾಲಿನ ಪೂರ್ವದ ಇಳಿಜಾರಿನಲ್ಲಿ ವೇದಾ ಮತ್ತು ಅವತಿ ಎಂಬ ಎರಡು ತೊರೆಗಳು ಹುಟ್ಟುತ್ತವೆ. ವೇದೆಗೆ ಸಖರಾಯಪಟ್ಟಣದ ಬಳಿ ಅಯ್ಯನಕೆರೆ, ಅವತಿಗೆ ಮದಗದ ಕೆರೆ. ಹೀಗೆ ಹುಟ್ಟಿದ ಸ್ವಲ್ಪ ದೂರದಲ್ಲಿಯೇ ಎರಡನ್ನೂ ನಮ್ಮ ಪೂರ್ವಿಕರು ಕೆರೆಯಲ್ಲಿ ನಿಲ್ಲಿಸಿ, ಉಂಡು ಮಿಕ್ಕ ನೀರನ್ನು ಮಾತ್ರ ಮುಂದಕ್ಕೆ ಬಿಟ್ಟರು. ಕಡೂರಿನ ಸಮೀಪ ಇವೆರಡೂ ಕೂಡಿ ವೇದಾವತಿಯಾಗಿ, ಹೊಸದುರ್ಗ ತಾಲ್ಲೂಕನ್ನು ಹೊಕ್ಕು, ಕೆಲ್ಲೋಡಿನ ಬಳಿ ಹಾದು, ಮಾರಿಕಣಿವೆಯ ಗುಡ್ಡಗಳ ಸಂದಿಗೆ ಬರುತ್ತವೆ. ಕಣಿವೆಯನ್ನು ದಾಟಿದ ಹೊಳೆ ಹಿರಿಯೂರಿನಲ್ಲಿ ತೇರುಮಲ್ಲೇಶ್ವರನ ಗುಡಿಯ ಪಕ್ಕದಲ್ಲಿ ಸಾಗಿ, ಚಳ್ಳಕೆರೆಯ ಬಯಲನ್ನು ಹಾದು, ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿ ಭೈರವಾನಿತಿಪ್ಪದ ಜಲಾಶಯಕ್ಕೆ ಸೇರುತ್ತದೆ. ಅಲ್ಲಿಂದ ಮುಂದೆ ಬಳ್ಳಾರಿಯ ಕಡೆಗೆ ತಿರುಗಿ ಕಡೆಗೆ ಸಿರುಗುಪ್ಪದ ಸೀಮೆಯಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಕೆಳಗಿನವರು ಇದನ್ನು ಹಗರಿ ಎನ್ನುತ್ತಾರೆ. ‘ಅಘ’ವನ್ನು, ಎಂದರೆ ಪಾಪವನ್ನು, ಹರಿಸುವುದರಿಂದ ಅಘಹರಿ, ಅದೇ ಹಗರಿ ಎಂದು ಪಂಡಿತರ ಒಂದು ವಿವರಣೆ. ಪಾಪದ ಲೆಕ್ಕ ಹೇಗಾದರೂ ಇರಲಿ, ನಮ್ಮ ಸೀಮೆಯ ದಾಹದ ಲೆಕ್ಕವೆಲ್ಲ ಈ ಹೊಳೆಯಲ್ಲಿಯೇ ಇದೆ.

ಶ್ರೀರಾಂಪುರದವರಾದ ನಮಗೆ ಹೊಳೆ ಮನೆಯ ಬಾಗಿಲಲ್ಲಿಲ್ಲ. ಆದರೆ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಹೊಳೆಸಾಲಿನ ಹಳ್ಳಿಗಳವರೂ ಉಂಟು, ಕಣಿವೆಯ ಹಿನ್ನೀರಿನ ಕಡೆ ನೆಂಟಸ್ತಿಕೆ ಇರುವವರೂ ಉಂಟು. ಮನೆಗಳನ್ನು ಕಟ್ಟಲು ಬರುವ ಮರಳು ಯಾವ ಹೊಳೆಯದೆಂದು ಕೇಳಿದರೆ, ದಂಡೆಯಿಂದ ದೂರವಿರುವ ನಾವೂ ಸಂಬಂಧವಿಲ್ಲದವರಲ್ಲ ಎಂಬುದು ಗೊತ್ತಾಗುತ್ತದೆ.

ಮಾರಿಕಣಿವೆಯ ಅಣೆಕಟ್ಟೆಯ ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಎರಡು ಗುಡ್ಡಗಳು ಎದುರುಬದುರಾಗಿ ನಿಂತು ನಡುವೆ ಇಕ್ಕಟ್ಟಾದ ಬಾಗಿಲೊಂದನ್ನು ಬಿಟ್ಟಂತಿರುವ ಆ ಜಾಗವನ್ನು ನೋಡಿದವರಿಗೆಲ್ಲ, ಇಲ್ಲಿ ಒಂದು ಕಟ್ಟೆ ಹಾಕಿದರೆ ಎಂಬ ಯೋಚನೆ ಬಾರದೆ ಇರದು. ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರಲ್ಲಿ ಕೆಲಸ ಆರಂಭವಾಗಿ 1907ರಲ್ಲಿ ಮುಗಿಯಿತು. ಆಗ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಅದಕ್ಕಿಟ್ಟರು. ಹೊಳೆಯ ತಳದಿಂದ 142 ಅಡಿ ಎತ್ತರದ ಕಲ್ಲಿನ ಕಟ್ಟೆ. 130 ಅಡಿ ನೀರು ನಿಂತರೆ ಸುಮಾರು 30 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ನೀರು. ಈ ಜಲಾಶಯಕ್ಕೆ ನೀರು ಹರಿದು ಬರುವ ಪ್ರದೇಶದ ವಿಸ್ತೀರ್ಣ 2,075 ಚದರ ಮೈಲಿ. ಇಷ್ಟು ದೊಡ್ಡ ಪ್ರದೇಶವಿದ್ದರೂ ಕಣಿವೆ ತುಂಬಿ ಕೋಡಿ ಹರಿದದ್ದು 1933ರಲ್ಲಿ. ಅದಾದ ಮೇಲೆ 89 ವರ್ಷ ಕಾದು, 2022ರ ಸೆಪ್ಟೆಂಬರಿನಲ್ಲಿ ಎರಡನೆಯ ಸಲ ಕೋಡಿ ಬಿತ್ತು. 2025ರ ಜನವರಿಯಲ್ಲಿ ಮತ್ತೊಮ್ಮೆ ಬಿತ್ತು.

ನಡುವಿನ ಕಾಲ ಹೇಗಿತ್ತೆಂಬುದನ್ನು ಹಿರಿಯೂರಿನವರು ಚೆನ್ನಾಗಿ ಬಲ್ಲರು. 2017-18ರ ಸುಮಾರಿಗೆ ಜಲಾಶಯದ ನೀರು ತೂಬಿನಿಂದ ಬಿಡಲಾರದಷ್ಟು ತಳದ ಸಮೀಪಕ್ಕೆ ಇಳಿದಿತ್ತು. ಅಚ್ಚುಕಟ್ಟಿನಲ್ಲಿ ದಶಕಗಳ ತೆಂಗಿನ ತೋಟಗಳು ಸುಳಿ ಒಣಗಿ ನಿಂತಿದ್ದವು. ಭದ್ರೆಯ ನೀರನ್ನು ತಂದು ಕಣಿವೆಗೆ ಹರಿಸಬೇಕೆಂದು ರೈತರು ಬಹುಕಾಲ ಧರಣಿ ಕುಳಿತರು. 2019ರಿಂದೀಚೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗವನ್ನು ದಾಟಿ ಹಳ್ಳ-ಹೊಳೆಗಳ ಮೂಲಕ ಕಣಿವೆಗೆ ಬರತೊಡಗಿತು. ಆ ಮೇಲೆ ಒಳ್ಳೆಯ ಮಳೆಗಳೂ ಆದವು.

2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಕಣಿವೆಯ ದಾರಿ ಹಿಡಿಯಿತೆಂದರೆ ಹೆಚ್ಚು ಹೇಳಿದಂತಾಗದು. ಮುದುಕರು, ಮಕ್ಕಳು, ಹೊಸದಾಗಿ ಮದುವೆಯಾದವರು, ಟ್ರಾಕ್ಟರುಗಳಲ್ಲಿ, ಬಸ್ಸುಗಳಲ್ಲಿ ಬಂದು, ಬಾಗಿನ ಬಿಟ್ಟು, ಕೈಮುಗಿದು ಹೋದರು. ಹೊಳೆಯ ಮೇಲೆ ಜನರಿಗೆ ಪ್ರೀತಿಯಿಲ್ಲವೆಂದು ಹೇಳುವವರು ಆ ಜಾತ್ರೆಯನ್ನು ನೋಡಿರಲಾರರು. ಅದೇ ನೀರು ಇನ್ನೊಂದು ಕಡೆ ಏನು ಮಾಡಿತೆಂಬುದನ್ನೂ ಹೇಳಬೇಕು. ಹಿನ್ನೀರು ಮೇಲೇರಿ ನಮ್ಮ ಹೊಸದುರ್ಗ ತಾಲ್ಲೂಕಿನ ಅಂಚಿನ ಹಳ್ಳಿಗಳಲ್ಲಿ ಜಮೀನು, ತೋಟಗಳು ಮುಳುಗಿದವು. ಕೋಡಿಯ ಮಟ್ಟವನ್ನು ತಗ್ಗಿಸಬೇಕೆಂಬ ಕೂಗು ಎದ್ದಿತು. ಕೆಳಗಿನವರಿಗೆ ಹಬ್ಬವಾದದ್ದು ಮೇಲಿನವರಿಗೆ ಸಂಕಟ. ‘ಜನಬೆಂಬಲ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವವರು ಇದನ್ನು ಮರೆಯಬಾರದು. ಹೊಳೆಯ ಉದ್ದಕ್ಕೂ ಜನವಿದ್ದಾರೆ, ಆದರೆ ಅವರೆಲ್ಲರೂ ಒಂದೇ ಜನವಲ್ಲ.

ಬಾಗಿನದ ದಿನ ಅಷ್ಟು ಜನ ನಿಂತ ಅದೇ ಹೊಳೆಯ ಪಾತ್ರದಲ್ಲಿ, ನೀರು ಇಂಗಿದ ಮೇಲೆ ಮಾಘ ಫಾಲ್ಗುಣದ ಹೊತ್ತಿಗೆ ಯಾರು ನಿಂತಿರುತ್ತಾರೆ? ಮರಳು ತುಂಬುವವರು ನಿಂತಿರುತ್ತಾರೆ. ನೀರಿದ್ದಾಗ ಹೊಳೆ ಎಲ್ಲರದು, ನೀರಿಲ್ಲದಾಗ ಯಾರದೂ ಅಲ್ಲ. ನಮ್ಮ ಹೊಳೆಗೆ ನೀರಿಲ್ಲದ ತಿಂಗಳುಗಳೇ ಹೆಚ್ಚಾದುದರಿಂದ, ಅದನ್ನು ಉಳಿಸುವುದೂ ಕೆಡಿಸುವುದೂ ಆ ತಿಂಗಳುಗಳಲ್ಲಿಯೇ ನಿರ್ಧಾರವಾಗುತ್ತದೆ.

ಇಲ್ಲಿ ಸ್ವಲ್ಪ ವಿಜ್ಞಾನದ ಮಾತು ಬೇಕಾಗುತ್ತದೆ. ಕಲಾ ವಿಭಾಗದ ಮಿತ್ರರು ಗಾಬರಿಯಾಗಬೇಕಾಗಿಲ್ಲ; ಒಂದು ಸೇರು ಮತ್ತು ಒಂದು ಚೊಂಬು ಇದ್ದರೆ ಮನೆಯಲ್ಲಿಯೇ ಇದನ್ನು ಮಾಡಿ ನೋಡಬಹುದು. ಸೇರಿನ ತುಂಬ ಒಣಗಿದ ದಪ್ಪ ಮರಳನ್ನು ತುಂಬಿರಿ. ಸೇರು ತುಂಬಿದೆ, ಇನ್ನು ಏನೂ ಹಿಡಿಯುವುದಿಲ್ಲ ಎಂದು ತೋರುತ್ತದೆ. ಈಗ ಚೊಂಬಿನಿಂದ ನಿಧಾನವಾಗಿ ನೀರು ಸುರಿಯಿರಿ. ಸೇರಿನ ಕಾಲುಭಾಗಕ್ಕೂ ಹೆಚ್ಚು ನೀರು ಮರಳಿನ ಸಂದುಗಳಲ್ಲಿ ಅಡಗಿ ಕುಳಿತುಕೊಳ್ಳುತ್ತದೆ. ಅದೆಲ್ಲವೂ ಮತ್ತೆ ನಮ್ಮ ಕೈಗೆ ಬರುವುದಿಲ್ಲ. ಕಣಗಳಿಗೆ ಅಂಟಿದ ಸ್ವಲ್ಪ ಭಾಗ ಅಲ್ಲಿಯೇ ಉಳಿಯುತ್ತದೆ. ಹಾಗಾದರೂ ಐದರಲ್ಲಿ ಒಂದು ಭಾಗದಷ್ಟು ನೀರನ್ನು ಮರಳು ಬಿಟ್ಟುಕೊಡುತ್ತದೆಂದು ಹಿಡಿದರೆ ಅದು ಜಿಪುಣತನದ ಲೆಕ್ಕವೇ ಸರಿ.

ಈ ಲೆಕ್ಕವನ್ನು ಹೊಳೆಗೆ ಹಚ್ಚಿ ನೋಡೋಣ. ನೂರು ಮೀಟರ್ ಅಗಲ, ಒಂದು ಕಿಲೋಮೀಟರ್ ಉದ್ದ, ಮೂರು ಮೀಟರ್ ಆಳದ ಮರಳಿನ ಹಾಸು ಇದೆಯೆಂದು ಭಾವಿಸಿರಿ. ಅದು 3,00,000 ಘನ ಮೀಟರ್ ಮರಳು. ಅದರ ಐದನೆಯ ಒಂದು ಭಾಗ 60,000 ಘನ ಮೀಟರ್, ಎಂದರೆ 6 ಕೋಟಿ ಲೀಟರ್ ನೀರು. ಹಳ್ಳಿಯಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಬೇಕೆಂದು ಸರ್ಕಾರದ ಕುಡಿಯುವ ನೀರಿನ ಯೋಜನೆಯಲ್ಲಿ ಗೊತ್ತುಪಡಿಸಿದ್ದಾರೆ. ಮೂರು ಸಾವಿರ ಜನರಿರುವ ಊರಿಗೆ ದಿನಕ್ಕೆ 1,65,000 ಲೀಟರ್ ಆಯಿತು. ಭಾಗಿಸಿ ನೋಡಿದರೆ ಆ ಒಂದು ಕಿಲೋಮೀಟರ್ ಮರಳು ಒಮ್ಮೆ ನೆನೆದರೆ ಆ ಊರಿಗೆ 363 ದಿನದ ನೀರು! ನಿಜದಲ್ಲಿ ಎಲ್ಲವೂ ಕುಡಿಯುವುದಕ್ಕೇ ಉಳಿಯದು. ಒಂದಿಷ್ಟು ಕೆಳಕ್ಕೆ ಜಾರುತ್ತದೆ, ಒಂದಿಷ್ಟನ್ನು ದಂಡೆಯ ಮರಗಳು ಕುಡಿಯುತ್ತವೆ, ಒಂದಿಷ್ಟು ತೋಟಗಳ ಬಾವಿಗೆ ಹೋಗುತ್ತದೆ. ಆದರೆ ಹೀಗೆ ಜಾರಿದ್ದು ನಷ್ಟವಾಯಿತೆಂದಲ್ಲ. ದಂಡೆಯ ಬಾವಿಗಳಲ್ಲಿ ಬೇಸಿಗೆಯಲ್ಲಿಯೂ ನೀರು ನಿಲ್ಲುತ್ತಿದ್ದುದು ಈ ಜಾರಿದ ನೀರಿನಿಂದಲೇ.

ಮರಳಿನ ಇನ್ನೊಂದು ಗುಣವಿದೆ. ಬಯಲಿನಲ್ಲಿ ನಿಂತ ಕೆರೆಯ ನೀರನ್ನು ನಮ್ಮ ಬಿಸಿಲು ವರ್ಷಕ್ಕೆ ಒಂದೂವರೆ ಎರಡು ಮೀಟರಿನಷ್ಟು ಹೀರಿಬಿಡುತ್ತದೆ. ಮರಳಿನೊಳಗೆ ಎರಡು ಮೂರು ಅಡಿ ಕೆಳಗಿರುವ ನೀರಿಗೆ ಬಿಸಿಲಿನ ಕೈ ನಿಲುಕುವುದಿಲ್ಲ. ಮುಚ್ಚಳ ಹಾಕಿದ ಹಂಡೆಯಂತೆ ಅದು ತಣ್ಣಗೆ ಉಳಿಯುತ್ತದೆ. ಸೋಸಿ ತಿಳಿಯಾಗಿಯೂ ಇರುತ್ತದೆ. ಬೇಸಿಗೆಯಲ್ಲಿ ಹೆಂಗಸರು ಹೊಳೆಯ ಮರಳನ್ನು ಕೈಯಿಂದ ತೋಡಿ, ಒರತೆ ಬಂದ ಮೇಲೆ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಿಸುತ್ತಿದ್ದುದನ್ನು ಕಂಡ ಹಿರಿಯರು ಈಗಲೂ ಇದ್ದಾರೆ. ಊರ ದೇವರನ್ನು ಗಂಗಾಪೂಜೆಗೆಂದು ಹೊಳೆಗೆ ಕರೆದುಕೊಂಡು ಹೋಗುವ ವಾಡಿಕೆ ನಮ್ಮ ಜಿಲ್ಲೆಯ ಅನೇಕ ಬುಡಕಟ್ಟುಗಳಲ್ಲಿದೆ. ಮರಳಿನಲ್ಲಿ ಒರತೆ ತೆಗೆದು ಆ ಹೊಸ ನೀರಿನಿಂದ ದೇವರನ್ನು ತೊಳೆಯಬೇಕೆಂಬುದು ಅದರ ಕಟ್ಟಳೆ. ಇದನ್ನು ಬರಿಯ ನಂಬಿಕೆಯೆಂದು ತಳ್ಳಿಹಾಕುವವರು ಯೋಚಿಸಬೇಕು: ಹೊಳೆಯಲ್ಲಿ ಒರತೆ ಇದೆಯೋ ಇಲ್ಲವೋ ಎಂಬುದನ್ನು ವರ್ಷಕ್ಕೊಮ್ಮೆ ಊರೆಲ್ಲ ನೆರೆದು ಪರೀಕ್ಷಿಸುವ ಬೇರೊಂದು ಏರ್ಪಾಡು ನಮಗೆ ಯಾವುದಿದೆ?

ಇನ್ನು ಮರಳು ತೆಗೆದರೆ ಏನಾಗುತ್ತದೆಂಬುದು ತಾನಾಗಿಯೇ ಹೊಳೆಯುತ್ತದೆ. ಆರು ಘನ ಮೀಟರ್ ಹಿಡಿಯುವ ಒಂದು ಟಿಪ್ಪರ್ ಲಾರಿ ಮರಳು ಹೋಯಿತೆಂದರೆ 1,200 ಲೀಟರ್ ನೀರಿನ ಜಾಗ ಹೋಯಿತು. ಹೋದದ್ದು ಆ ವರ್ಷದ ನೀರು ಮಾತ್ರವಲ್ಲ. ಮರಳು ಮತ್ತೆ ಬಂದು ಕೂರುವವರೆಗೆ ಪ್ರತಿವರ್ಷದ 1,200 ಲೀಟರ್. ಮೇಲಿನಿಂದ ಹೊಸ ಮರಳು ಬರಬೇಕಾದರೆ ದೊಡ್ಡ ಪ್ರವಾಹ ಬರಬೇಕು. ಪ್ರವಾಹ ನಮ್ಮ ಹೊಳೆಗೆ ಎಷ್ಟು ಅಪರೂಪವೆಂಬುದಕ್ಕೆ 1933 ಮತ್ತು 2022ರ ನಡುವಿನ ಅಂತರವೇ ಸಾಕ್ಷಿ. ಬಂದ ಮರಳನ್ನು ಕೆರೆ, ಬ್ಯಾರೇಜುಗಳು ಮೇಲೆಯೇ ತಡೆಯುತ್ತವೆ. ಮರಳನ್ನು ತಳದವರೆಗೆ ಕೆರೆದ ಹೊಳೆಯಲ್ಲಿ ಜೇಡಿಯೋ ಬಂಡೆಯೋ ಮೇಲೇಳುತ್ತದೆ. ಬಂದ ನೀರು ನಿಲ್ಲದೆ ಓಡಿಹೋಗುತ್ತದೆ. ಗುಂಡಿಗಳಲ್ಲಿ ಜಾಲಿ ಬೆಳೆಯುತ್ತದೆ.

ಇದರ ಪರಿಣಾಮ ಹೊಳೆಯ ದಂಡೆಗೆ ಮಾತ್ರ ಸೀಮಿತವಲ್ಲ. ತೆರೆದ ಬಾವಿ ಬತ್ತಿದವನು ಕೊಳವೆ ಬಾವಿ ಕೊರೆಸುತ್ತಾನೆ. ಅದು ಬತ್ತಿದರೆ ಇನ್ನೂ ಆಳಕ್ಕೆ. ನಮ್ಮ ಜಿಲ್ಲೆಯ ಆಳದ ಶಿಲೆಗಳ ನೀರಿನಲ್ಲಿ ಅನೇಕ ಕಡೆ ಫ್ಲೋರೈಡಿನ ಅಂಶ, ಕುಡಿಯಲು ತಕ್ಕದ್ದೆಂದು ಗೊತ್ತುಮಾಡಿದ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡುವುದೂ, ಬಹುವರ್ಷ ಕುಡಿದವರ ಕೀಲುಗಳು ಬಿಗಿಯುವುದೂ ಇದರಿಂದಲೇ. ಆಯಾ ವರ್ಷದ ಮಳೆಯಿಂದ ತುಂಬಿದ ಹೊಳೆಮರಳಿನ ನೀರಿಗೆ ಈ ದೋಷ ಸಾಮಾನ್ಯವಾಗಿ ಇರುವುದಿಲ್ಲ. ಒಳ್ಳೆಯ ನೀರನ್ನು ಹಿಡಿದಿಟ್ಟುಕೊಳ್ಳುವ ಪಾತ್ರೆಯನ್ನು ಲಾರಿಗೆ ತುಂಬಿ ಕಳುಹಿಸಿ, ಕೆಟ್ಟ ನೀರನ್ನು ಸಾವಿರ ಅಡಿಯಿಂದ ಸಾಲ ಮಾಡಿ ಎತ್ತಿ, ಅದನ್ನು ಶುದ್ಧ ಮಾಡುವ ಯಂತ್ರಕ್ಕೆ ನಾಣ್ಯ ಹಾಕಿ ಕ್ಯಾನಿನಲ್ಲಿ ಹಿಡಿದುಕೊಂಡು ಬರುವ ನಮ್ಮ ವ್ಯವಹಾರವನ್ನು ಏನೆಂದು ಕರೆಯಬೇಕೋ ಅರ್ಥಶಾಸ್ತ್ರದ ಉಪನ್ಯಾಸಕರು ಹೇಳಬೇಕು.

ಕಾನೂನು ಇಲ್ಲವೇ ಎಂದರೆ ಧಾರಾಳವಾಗಿ ಇದೆ. ಮರಳು 1957ರ ಗಣಿ ಮತ್ತು ಖನಿಜಗಳ ಕಾಯಿದೆಯ ಪ್ರಕಾರ ಉಪಖನಿಜ. ಅದಕ್ಕೆ ನಿಯಮ ಮಾಡುವ ಅಧಿಕಾರ ರಾಜ್ಯದ್ದು. 1994ರಲ್ಲಿ ಕರ್ನಾಟಕದ ನಿಯಮಗಳು ಬಂದವು. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದು ವಿಧಿಸಿತು. 2016ರಲ್ಲಿ ಕೇಂದ್ರ ಸರ್ಕಾರ ಎಷ್ಟು ಆಳ, ಸೇತುವೆಗೆ ಎಷ್ಟು ದೂರ ಎಂಬ ಮಾರ್ಗಸೂಚಿಗಳನ್ನು ಹೊರಡಿಸಿತು. ಇವೆಲ್ಲವೂ ಒಳ್ಳೆಯವೇ. ಆದರೆ ನೂರಾರು ಮೈಲಿ ಉದ್ದದ ಹೊಳೆಗೆ ರಾತ್ರಿ ಹೊತ್ತು ಕಾವಲಿರುವಷ್ಟು ನೌಕರರು ಯಾವ ಇಲಾಖೆಯಲ್ಲೂ ಇರಲಾರರು. ದಂಡೆಯ ಊರಿನ ನಾಯಿ ಬೊಗಳಿದರೆ ಎದ್ದು ನೋಡುವವರು ಊರವರೇ.

ಮತ್ತೆ ಊರವರು ಎದ್ದು ನೋಡಿದರೆ ಕಾಣುವುದು ಯಾರು? ತಮ್ಮ ಊರಿನವನೇ ಆದ ಟ್ರಾಕ್ಟರಿನ ಹುಡುಗ, ತಮ್ಮ ಕೇರಿಯ ಕೂಲಿಯಾಳುಗಳು. ಮಳೆ ಕೈಕೊಟ್ಟ ವರ್ಷ ಒಂದು ರಾತ್ರಿಯ ಮರಳು ಕೂಲಿ ಹೊಲದ ಹಲವು ದಿನದ ಕೂಲಿಗಿಂತ ಹೆಚ್ಚಾದಾಗ, ಅವನನ್ನು ಕಳ್ಳನೆಂದು ಕರೆಯುವುದು ಸುಲಭ, ಅವನ ಮನೆಯ ಒಲೆಯ ಲೆಕ್ಕ ಹೇಳುವುದು ಕಷ್ಟ. ಮನೆ ಕಟ್ಟುವವನಿಗೂ ಮರಳು ಬೇಕು. ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಬಂದ ಮೇಲೆ ಹೊಳೆಮರಳು ಅನಿವಾರ್ಯವೆಂಬ ವಾದಕ್ಕೆ ಬಲ ಕಡಿಮೆಯಾಗಿದೆ. ಆದರೂ “ಗಾರೆಗೆ ಹೊಳೆಮರಳೇ ಆಗಬೇಕು” ಎನ್ನುವ ಹಟ ನಮ್ಮಲ್ಲಿ ಹೋಗಿಲ್ಲ. ಹೀಗಿರುವಲ್ಲಿ ಹೊರಗಿನಿಂದ ಬಂದ ಉಪದೇಶವಾಗಲಿ ದಂಡವಾಗಲಿ ಕೆಲಸ ಮಾಡಬೇಕಾದರೆ, ಊರು ತಾನೇ ಒಂದು ತೀರ್ಮಾನಕ್ಕೆ ಬಂದಿರಬೇಕು.

ಅಂಥ ತೀರ್ಮಾನಗಳು ನಮ್ಮ ನಾಡಿಗೆ ಹೊಸತಲ್ಲ. ಕೆರೆ ಕಟ್ಟಿಸಿದವನಿಗೂ ಜೀರ್ಣೋದ್ಧಾರ ಮಾಡಿದವನಿಗೂ ಭೂಮಿಯನ್ನು ಕೊಡುವ ಕಟ್ಟುಕೊಡಗೆ, ಕೆರೆಯ ಕೆಳಗಿನ ಗದ್ದೆಯ ಹುಟ್ಟುವಳಿಯಲ್ಲಿ ಕೆರೆಗೆಂದು ಎತ್ತಿಡುವ ಬಿತ್ತುವಟ್ಟ, ಇವುಗಳ ಹೆಸರು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇತಿಹಾಸದ ವಿದ್ಯಾರ್ಥಿಗಳು ಪರೀಕ್ಷೆಗೆಂದು ಇವನ್ನು ಉರುಹೊಡೆಯುತ್ತಾರೆ. ಅವುಗಳ ಅರ್ಥ ಇಷ್ಟೆ, ನೀರಿನಿಂದ ಉಂಡವನು ನೀರಿಗೆ ತಿರುಗಿ ಕೊಡಬೇಕು. ನೀರುಗಂಟಿಯೆಂಬವನಿದ್ದನು. ತೂಬು ತೆರೆದು ಮುಚ್ಚುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ಹಂಚುವುದು, ಏರಿಯಲ್ಲಿ ಇಲಿಬಿಲವಿದ್ದರೆ ಊರಿಗೆ ತಿಳಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣದಿಂದ ಕಾಳು ಅವನ ಸಂಬಳ. ಇದನ್ನು ಬಂಗಾರದ ಕಾಲವೆಂದು ಹೊಗಳಲು ನಾನು ಸಿದ್ಧನಿಲ್ಲ. ಬಿಟ್ಟಿ ಕೆಲಸ ಯಾರ ತಲೆಯ ಮೇಲೆ ಬೀಳುತ್ತಿತ್ತು, ಹೊಲವಿಲ್ಲದವರಿಗೆ ಆ ಕೆರೆಯಲ್ಲಿ ಏನು ಪಾಲಿತ್ತು ಎಂದು ಕೇಳಿದರೆ ಹೊಗಳಿಕೆ ಅರ್ಧಕ್ಕೆ ನಿಲ್ಲುತ್ತದೆ. ಈ ಏರ್ಪಾಡು ಸಡಿಲವಾಗುತ್ತ ಬಂದುದನ್ನು ಕಂಡೇ ಮೈಸೂರು ಸರ್ಕಾರ 1911ರಲ್ಲಿ ಕೆರೆ ಪಂಚಾಯಿತಿಗಳಿಗಾಗಿ ಒಂದು ಶಾಸನ ಮಾಡಿತು. ಕಾಗದದ ಪಂಚಾಯಿತಿ ಹಳೆಯ ಪದ್ಧತಿಯ ಜಾಗವನ್ನು ತುಂಬಲಾರದೆ ಹೋಯಿತು. ಕೆರೆಗಾದರೂ ಇಷ್ಟಿತ್ತು, ಹೊಳೆಯ ಮರಳಿಗೆ ಕಾವಲುಗಾರನನ್ನು ನಮ್ಮ ಹಿರಿಯರು ನೇಮಿಸಲಿಲ್ಲ, ಏಕೆಂದರೆ ಮರಳನ್ನು ಯಾರಾದರೂ ಕೊಂಡುಕೊಂಡಾರೆಂದು ಅವರು ಕನಸಿನಲ್ಲಿಯೂ ನೆನೆದಿರಲಿಲ್ಲ.

ಈ ಹೊಸ ಕಷ್ಟಕ್ಕೆ ಹೊಸ ಉಪಾಯ ಹುಡುಕಿದವರು ಬೇರೆ ಕಡೆ ಇದ್ದಾರೆ. ಆಫ್ರಿಕಾದ ಕೀನ್ಯಾ ದೇಶದಲ್ಲಿ ಮಕುಏನಿ ಎಂಬ ಜಿಲ್ಲೆ ನಮ್ಮ ಚಳ್ಳಕೆರೆ, ಹಿರಿಯೂರುಗಳಂತೆಯೇ ಒಣನಾಡು. ಅಲ್ಲಿಯ ಹೊಳೆಗಳೂ ಮರಳಿನ ಹೊಳೆಗಳೇ. ಹೆಂಗಸರು ಒರತೆ ತೋಡಿ ನೀರು ತರುವ ಪದ್ಧತಿಯೂ ಅದೇ. ಅಲ್ಲಿಯ ಹಳ್ಳಿಗಳ ಗುಂಪುಗಳು ಹೊಳೆಗೆ ಅಡ್ಡಲಾಗಿ ತಗ್ಗಾದ ಕಟ್ಟೆ ಕಟ್ಟಿ, ಅದರ ಹಿಂದೆ ನೀರನ್ನಲ್ಲ, ಮರಳನ್ನು ನಿಲ್ಲಿಸುತ್ತವೆ. ಕೆಲವು ಮಳೆಗಾಲ ಕಳೆದರೆ ಕಟ್ಟೆಯ ಹಿಂದೆ ಮರಳು ತುಂಬಿ, ಮರಳಿನೊಳಗೆ ನೀರು ತುಂಬುತ್ತದೆ. ಹೂಳೆಂದು ನಾವು ಬೈಯುವುದನ್ನು ಅವರು ಭಂಡಾರ ಮಾಡಿಕೊಂಡರು. ರಾಜಧಾನಿಯ ಕಟ್ಟಡಗಳಿಗೆ ಮರಳು ಸಾಗತೊಡಗಿ ಜಗಳ, ಹಿಂಸೆಗಳು ಎದ್ದಾಗ, 2015ರಲ್ಲಿ ಆ ಜಿಲ್ಲೆ ಮರಳಿನ ರಕ್ಷಣೆಗೆಂದೇ ಪ್ರತ್ಯೇಕ ಕಾಯಿದೆಯನ್ನು ಮಾಡಿ, ಅದಕ್ಕೊಂದು ಪ್ರಾಧಿಕಾರವನ್ನು ಸ್ಥಾಪಿಸಿತು. ಕಾಯಿದೆಗಿಂತ ಮೊದಲು ಹಳ್ಳಿಗಳಲ್ಲಿ ಮರಳಿನ ಬೆಲೆ ಗೊತ್ತಿತ್ತೆಂಬುದೇ ಇಲ್ಲಿ ಗಮನಿಸಬೇಕಾದ ಮಾತು.

ನಮ್ಮ ದೇಶದಲ್ಲಿ ರಾಜಸ್ಥಾನದ ಅಲ್ವಾರ್ ಜಿಲ್ಲೆಯ ಅರ್ವರಿ ಹೊಳೆಯ ಕಥೆ ಬಹುಮಂದಿಗೆ ಗೊತ್ತು. 1980ರ ದಶಕದ ಮಧ್ಯದಿಂದ ಅಲ್ಲಿಯ ಹಳ್ಳಿಗಳು ತರುಣ ಭಾರತ ಸಂಘದ ನೆರವಿನಿಂದ ಜೋಹಡ್ ಎಂಬ ಸಣ್ಣ ಕೆರೆಗಳನ್ನು ನೂರಾರು ಸಂಖ್ಯೆಯಲ್ಲಿ ಕಟ್ಟಿದವು; 1990ರ ದಶಕದಲ್ಲಿ ಬತ್ತಿದ ಹೊಳೆ ವರ್ಷವಿಡೀ ಹರಿಯತೊಡಗಿತು. ಹೊಳೆ ಹರಿದದ್ದಕ್ಕಿಂತ ನನಗೆ ಅದರ ಮುಂದಿನದು ಹೆಚ್ಚು ಸ್ವಾರಸ್ಯವೆನಿಸುತ್ತದೆ. ನೀರು ಬಂದೊಡನೆ ಮೀನು ಬಂದವು. ಮೀನು ಬಂದೊಡನೆ ಸರ್ಕಾರ ಮೀನು ಹಿಡಿಯುವ ಗುತ್ತಿಗೆಯನ್ನು ಹೊರಗಿನವರಿಗೆ ಕೊಟ್ಟಿತು! ಹಳ್ಳಿಗಳು ಒಟ್ಟಾಗಿ ನಿಂತು ಅದನ್ನು ವಿರೋಧಿಸಿದವು. ಆಮೇಲೆ ಸುಮಾರು ಎಪ್ಪತ್ತು ಹಳ್ಳಿಗಳು ಸೇರಿ ‘ಅರ್ವರಿ ಸಂಸತ್ತು’ ಎಂಬ ಸಭೆಯನ್ನು ಮಾಡಿಕೊಂಡು, ಕಬ್ಬು, ಭತ್ತದಂಥ ಹೆಚ್ಚು ನೀರು ಕುಡಿಯುವ ಬೆಳೆಗಳನ್ನು ಹಾಕಬಾರದೆಂದು ತಮಗೆ ತಾವೇ ಕಟ್ಟು ವಿಧಿಸಿಕೊಂಡವು. ಹೊಳೆಯನ್ನು ಬದುಕಿಸುವುದಕ್ಕಿಂತ ಬದುಕಿದ ಹೊಳೆಯನ್ನು ಹಂಚಿಕೊಳ್ಳುವುದು ಕಷ್ಟ. ಬೋರ್‌ವೆಲ್ ನಂಬಿ ಅಡಿಕೆ ಹಾಕುತ್ತಿರುವ ನಮ್ಮ ತಾಲ್ಲೂಕಿನಲ್ಲಿ ಈ ಮಾತನ್ನು ಗಟ್ಟಿಯಾಗಿ ಆಡಿದರೆ ಏಟು ಬೀಳುವ ಸಂಭವವಿದೆ, ಆದರೂ ಆಡಲೇಬೇಕು.

ಹತ್ತಿರದ ತುಂಗಭದ್ರೆಯಲ್ಲಿ 1980ರ ದಶಕದಿಂದ ಕಾರ್ಖಾನೆಯ ಕೊಳೆನೀರಿನ ವಿರುದ್ಧ ನಡೆದ ಚಳವಳಿ ಬೇರೆ ಬಗೆಯದು. ಅಲ್ಲಿ ಎದುರಾಳಿ ಯಾರೆಂಬುದು ಕಣ್ಣಿಗೆ ಕಾಣುತ್ತಿತ್ತು. ವೇದಾವತಿಯಲ್ಲಿ ಹಾಗೆ ಬೆರಳು ತೋರಿಸುವುದು ಸುಲಭವಲ್ಲ. ತೋರಿಸಿದ ಬೆರಳು ಅನೇಕ ಸಲ ನಮ್ಮ ಮನೆಯ ಗೋಡೆಯ ಕಡೆಗೇ ತಿರುಗುತ್ತದೆ. ಮೇಲಿನ ಚಿಕ್ಕಮಗಳೂರಿನ ಭಾಗದಲ್ಲಿ ಕಳೆದ ದಶಕದಲ್ಲಿ ಆರ್ಟ್ ಆಫ್ ಲಿವಿಂಗ್ ಸಂಸ್ಥೆಯವರು ಹಳ್ಳಗಳಿಗೆ ಕಲ್ಲಿನ ತಡೆಗಳನ್ನೂ ಇಂಗುಬಾವಿಗಳನ್ನೂ ಮಾಡಿಸಿದ್ದಾರೆ. ಅಂಥ ಕೆಲಸ ನಡೆದಷ್ಟೂ ಒಳ್ಳೆಯದು. ಆದರೆ ಸಂಸ್ಥೆ ಬಂದು ಕಟ್ಟಿ ಹೋದ ತಡೆಗೆ ಮುಂದಿನ ಮಳೆಗಾಲದಲ್ಲಿ ಕಲ್ಲು ಜಾರಿದರೆ ಎತ್ತಿಡುವವರು ಹಳ್ಳಿಯವರೇ ಆಗಬೇಕಷ್ಟೆ.

ಭದ್ರೆಯ ನೀರು ಬಂದುದರಿಂದ ಒಂದು ಹೊಸ ಅಪಾಯವೂ ಇದೆಯೆಂದು ನನಗೆ ತೋರುತ್ತದೆ. ಮೇಲ್ದಂಡೆ ಯೋಜನೆಯಲ್ಲಿ ಕಣಿವೆಗೆಂದು ಇಟ್ಟಿರುವುದು 2 ಟಿ.ಎಂ.ಸಿ. ಪಂಪು ನಡೆದರೆ ನೀರು ಬರುತ್ತದೆಯೆಂಬ ಭರವಸೆ ಬಂದ ಮೇಲೆ ನಮ್ಮ ಹಳ್ಳ, ನಮ್ಮ ಕೆರೆ, ನಮ್ಮ ಮರಳುಗಳ ಗೊಡವೆ ಯಾರಿಗೆ ಬೇಕು? 30 ಟಿ.ಎಂ.ಸಿ. ಹಿಡಿಯುವ ಕಣಿವೆಗೆ ಈ 2 ಟಿ.ಎಂ.ಸಿ. ಹದಿನೈದನೆಯ ಒಂದು ಪಾಲು. ಮಿಕ್ಕದ್ದೆಲ್ಲ ಆ 2,075 ಚದರ ಮೈಲಿಗಳ ಮೇಲೆ ಬಿದ್ದ ಮಳೆಯಿಂದಲೇ ಬರಬೇಕು. ಅಲ್ಲದೆ ಭದ್ರೆಯ ನೀರು ಹರಿದು ಬರುವ ದಾರಿಯೂ ಇದೇ ಹಳ್ಳ, ಇದೇ ಹೊಳೆ. ಗುಂಡಿಬಿದ್ದ ಪಾತ್ರದಲ್ಲಿ ಅದು ಎಲ್ಲೆಲ್ಲಿ ನಿಲ್ಲುವುದೋ ಯಾರು ಬಲ್ಲರು?

ಹಾಗಾದರೆ ನಮ್ಮಂಥವರು ಮಾಡಬಹುದಾದ ಕೆಲಸವೇನು ಎಂದು ಕೇಳಬಹುದು. ಘೋಷಣೆ ಕೂಗಿ ಮೆರವಣಿಗೆ ಹೋಗುವುದು ಬೇಡವೆನ್ನುವುದಿಲ್ಲ. ಅದಕ್ಕಿಂತ ಮೊದಲು ಅಳತೆ ಬೇಕು. ಗ್ರಾಮಸಭೆಯಲ್ಲಿ “ಮರಳು ತೆಗೆದುದರಿಂದ ಬಾವಿ ಬತ್ತಿತು” ಎಂದು ಒಬ್ಬನು ಹೇಳಿದರೆ “ಮಳೆ ಕಡಿಮೆಯಾಯಿತು ಕಣಯ್ಯ” ಎಂದು ಇನ್ನೊಬ್ಬನು ಹೇಳುತ್ತಾನೆ. ಇಬ್ಬರ ಕೈಯಲ್ಲೂ ಲೆಕ್ಕವಿಲ್ಲ, ಸಭೆ ಮುಗಿಯುತ್ತದೆ. ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ, ಜನವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳಲ್ಲಿ ತಾನು ಆರಿಸಿದ ಬಾವಿಗಳ ನೀರಿನ ಮಟ್ಟವನ್ನು ಅಳೆಯುತ್ತದೆ. ಅದರ ಬಾವಿಗಳು ತಾಲ್ಲೂಕಿಗೆ ಕೆಲವೇ. ನಮ್ಮ ಕಾಲೇಜಿನಲ್ಲಾದರೋ ಹಳ್ಳಿಹಳ್ಳಿಯಿಂದ ಬರುವ ವಿದ್ಯಾರ್ಥಿಗಳಿದ್ದಾರೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ಪ್ರತಿವರ್ಷ ಯಾವುದೋ ಹಳ್ಳಿಯಲ್ಲಿ ನಡೆಯುತ್ತದೆ. ಹೊಳೆಸಾಲಿನ ಹಳ್ಳಿಯ ವಿದ್ಯಾರ್ಥಿಯೊಬ್ಬನು ತನ್ನೂರಿನ ಒಂದು ತೆರೆದ ಬಾವಿಯನ್ನು ಆರಿಸಿಕೊಂಡು, ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಅದೇ ನಾಲ್ಕು ತಿಂಗಳುಗಳಲ್ಲಿ ನೀರು ಎಷ್ಟು ಮೊಳ ಕೆಳಗಿದೆಯೆಂದು ಬರೆದಿಟ್ಟರೆ ಸಾಕು. ಹೊಳೆಯಲ್ಲಿ ಒರತೆಗೆ ಎಷ್ಟು ಅಡಿ ತೋಡಬೇಕಾಯಿತು, ದಂಡೆಯಿಂದ ಮರಳಿನ ಮಟ್ಟ ಎಷ್ಟು ಇಳಿದಿದೆ ಎಂಬುದನ್ನೂ ಜೊತೆಗೆ ಬರೆಯಬಹುದು. ಸೇತುವೆಯ ಕಂಬಗಳ ಬುಡದಲ್ಲಿ ಒಮ್ಮೆ ಬಣ್ಣದ ಗೆರೆ ಎಳೆದುಬಿಟ್ಟರೆ ಮರಳು ಇಳಿದದ್ದು ಚಿಕ್ಕ ಹುಡುಗರಿಗೂ ಕಾಣುತ್ತದೆ. ಇದಕ್ಕೆ ಹಣ ಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ.

ಒಂದು ಕಷ್ಟವಿದೆ. ವಿದ್ಯಾರ್ಥಿ ಮೂರು ವರ್ಷಕ್ಕೆ ಪದವಿ ಮುಗಿಸಿ ಹೊರಟುಹೋಗುತ್ತಾನೆ. ಹೊಳೆಯ ಲೆಕ್ಕಕ್ಕೆ ಹತ್ತಿಪ್ಪತ್ತು ವರ್ಷವಾದರೂ ಬೇಕು. ಆದುದರಿಂದ ಪುಸ್ತಕ ವಿದ್ಯಾರ್ಥಿಯದಾಗಿರದೆ ಕಾಲೇಜಿನದಾಗಿರಬೇಕು, ಭೂಗೋಳ ವಿಭಾಗದ ಬೀರುವಿನಲ್ಲಿರಬೇಕು. ಹೋಗುವವನು ಬರುವವನಿಗೆ ಹಗ್ಗವನ್ನೂ ಬಾವಿಯನ್ನೂ ಒಪ್ಪಿಸಿ ಹೋಗಬೇಕು. ಪ್ರತಿವರ್ಷ ಮೇ ತಿಂಗಳ ಅಳತೆಯಾದ ಮೇಲೆ ಅದರ ಒಂದು ಪ್ರತಿಯನ್ನು ಆಯಾ ಊರಿನ ಗ್ರಾಮ ಪಂಚಾಯಿತಿಗೆ ಕೊಟ್ಟು, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು. ಮರಳಿನ ಗುತ್ತಿಗೆಯ ಮಾತು ಬರುವ ಸಭೆಯಾದರೆ ಅಂಕಿಗಳನ್ನು ಎರಡು ಸಲ ಓದಿಸಿದರೂ ತಪ್ಪಿಲ್ಲ.